"ಅಸ್ಸಾಂನವರು ಬೇಕು, ಲೋಕಲ್ ಬೇಡ" ಅಂತ ಹಾಕಿದರೆ ಅದು ರೇಸಿಸಂ ಹೇಗಾಗುತ್ತದೆ?

ಸುಂಟಿಕೊಪ್ಪ ತೋಟದವ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನಲ್ಲಿ 12 ಎಕರೆ ರೊಬಸ್ಟಾ ಕಾಫಿ, ನೆರಳು ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಹಣ್ಣು ಕೆಂಪಾಗಿ ನಿಂತಿದೆ, ಕುಯ್ಯಲು ಜನ ಇಲ್ಲ. ಹೋದ ವಾರ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ಇದ್ದದ್ದು ಇಷ್ಟೇ: "ಕಾಫಿ ಕುಯ್ಲಿಗೆ ಅಸ್ಸಾಂನ ನಾಲ್ಕು ಜೋಡಿ ಬೇಕು. ಲೈನ್ ಮನೆ, ಕರೆಂಟು, ಸೌದೆ ಫ್ರೀ. ಲೋಕಲ್ ಬೇಡ."

ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಎಲ್ಲೆಲ್ಲೋ ಕಳಿಸಿ, ಕೊನೆಗೆ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ತಲುಪಿದೆ. ಫೋನ್ ಮಾಡಿ "ಮಾವ, ಇದು ರೇಸಿಸಂ, ಮೊದಲು ತೆಗೀರಿ" ಅಂದಳು. ನನಗೆ ನಗು ಬಂತು. ರೇಸಿಸಂ ಅಂದ್ರೆ ಬಿಳಿಯರು ಕರಿಯರಿಗೆ ಮಾಡುವುದು. ಗಾಂಧೀಜಿಯನ್ನು ರೈಲಿನಿಂದ ಇಳಿಸಿದ್ದು. ನಾನು ಯಾರಿಗೆ ಬೈದೆ? ಯಾರನ್ನು ಹೊಡೆದೆ? ದೇಶದ ಆ ತುದಿಯಿಂದ ಬಂದವರಿಗೆ ಕರೆದು ಕೆಲಸ ಕೊಡುತ್ತೇನೆ ಅಂದೆ. ಇದು ಅದಕ್ಕೆ ಉಲ್ಟಾ ಅಲ್ವಾ?

ಅವಳು ಈಗ ಮಾತು ಬಿಟ್ಟಿದ್ದಾಳೆ. ನೀವೇ ಹೇಳಿ.

ಗೋಣಿಕೊಪ್ಪ ಗಿರಿ

ಜನ ಸಿಕ್ಕಿದರಾ ಅದನ್ನು ಮೊದಲು ಹೇಳಿ. ಸಿಕ್ಕಿದ್ದರೆ ಆ ಮೇಸ್ತ್ರಿ ನಂಬರ್ ನನಗೂ ಕಳಿಸಿ.

ಮಂಜಿನ ಮಡಿಕೇರಿ

ನಾನು ಕನ್ನಡ ಪಾಠ ಮಾಡುವವಳು, ಪದದಿಂದಲೇ ಶುರು ಮಾಡುತ್ತೇನೆ. ರೇಸಿಸಂಗೆ ನಮ್ಮಲ್ಲಿ ಎರಡು ಪದ ಓಡಾಡುತ್ತವೆ. ಒಂದು ವರ್ಣಭೇದ. ಅದನ್ನು ಕೇಳಿದ ಕೂಡಲೇ ಕಣ್ಣಿಗೆ ಬರುವುದು ಚರ್ಮದ ಬಣ್ಣ, ದಕ್ಷಿಣ ಆಫ್ರಿಕಾ. ಹಾಗಾಗಿ "ನಮ್ಮೂರಲ್ಲಿ ಅದೆಲ್ಲ ಇಲ್ಲ" ಅಂತ ಆರಾಮಾಗಿ ಹೇಳಿಬಿಡುತ್ತೇವೆ. ಇನ್ನೊಂದು ಜನಾಂಗೀಯ ತಾರತಮ್ಯ. ಇಲ್ಲಿ ತಮಾಷೆ ಇದೆ. ಜನಾಂಗ ಅನ್ನುವ ಪದವನ್ನು ನಾವು ಯಾವುದಕ್ಕೆ ಬಳಸುತ್ತೇವೆ? ಕೊಡವ ಜನಾಂಗ, ಗೌಡ ಜನಾಂಗ, ಹಿಂದುಳಿದ ಜನಾಂಗ. ಅಂದ್ರೆ ಜಾತಿ, ಕುಲ, ಬುಡಕಟ್ಟು ಎಲ್ಲವೂ ಅದರೊಳಗೇ ಕೂತಿವೆ. ಮೊದಲನೇ ಪದ ಹಿಡಿದರೆ ತೋಟದವರು ಬಚಾವ್. ಎರಡನೇದು ಹಿಡಿದರೆ ಸ್ವಲ್ಪ ಕಷ್ಟ.

ಕಿರಿಕ್ ಕೂಸು

ಟೀಚರ್ ಬಂದರು, ಇನ್ನು ಸಂಧಿ ಸಮಾಸ ಎಲ್ಲ ಆಗುತ್ತದೆ 😄

ತಮಾಷೆ ಬಿಡಿ, ಈ ಜಗಳ ಇಂಗ್ಲಿಷಿನಲ್ಲೂ ಮುಗಿದಿಲ್ಲ. 2020ರಲ್ಲಿ ಅಮೆರಿಕದ ಮೆರಿಯಂ ವೆಬ್‌ಸ್ಟರ್ ಡಿಕ್ಷನರಿಯವರಿಗೆ ಆಗಷ್ಟೇ ಕಾಲೇಜು ಮುಗಿಸಿದ್ದ ಹುಡುಗಿಯೊಬ್ಬಳು ಇಮೇಲ್ ಬರೆದಳು. ವಾದದಲ್ಲಿ ಎದುರಿನವರೆಲ್ಲ ನಿಮ್ಮ ಡಿಕ್ಷನರಿ ತೋರಿಸಿ "ಮನಸ್ಸಿನಲ್ಲಿ ದ್ವೇಷ ಇದ್ದರೆ ಮಾತ್ರ ರೇಸಿಸಂ" ಅನ್ನುತ್ತಾರೆ, ವ್ಯವಸ್ಥೆಯೇ ಒಂದು ಬಣ್ಣದವರನ್ನು ತುಳಿಯುವುದು ಅದರಲ್ಲಿ ಸರಿಯಾಗಿ ಬಂದಿಲ್ಲ ಅಂತ. ಅವರು ಒಪ್ಪಿಕೊಂಡು ತಿದ್ದುತ್ತೇವೆ ಅಂದರು. ಡಿಕ್ಷನರಿಯೇ ತಿದ್ದಿಕೊಳ್ಳುತ್ತದೆ, ನಮ್ಮ ಮಾವಂದಿರು ತಿದ್ದಿಕೊಳ್ಳುವುದಿಲ್ಲ.

ಸುಂಟಿಕೊಪ್ಪ ತೋಟದವ

ಆ ಡಿಕ್ಷನರಿಯವರು ಬಂದು ನನ್ನ ಕಾಫಿ ಕುಯ್ಯುತ್ತಾರಾ?

ಕೋರ್ಟು ಕಚೇರಿ

ಸುಮ್ನೆ ಕೂರೋಣ ಅಂದುಕೊಂಡಿದ್ದೆ, ಆಗಲಿಲ್ಲ. ಜನಾಂಗೀಯ ತಾರತಮ್ಯ ತೊಡೆಯಲು ವಿಶ್ವಸಂಸ್ಥೆಯ ಒಂದು ಒಪ್ಪಂದ ಇದೆ, 1965ರದ್ದು. ಭಾರತ 1968ರಲ್ಲೇ ಅದಕ್ಕೆ ಅನುಮೋದನೆ ಕೊಟ್ಟಿದೆ. ಅದರ ಮೊದಲ ಕಲಮನ್ನು ನಿಧಾನವಾಗಿ ಓದಬೇಕು. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಾಂಗೀಯ ಮೂಲದ ಆಧಾರದಲ್ಲಿ ಮಾಡುವ ಭೇದ, ಹೊರಗಿಡುವುದು, ನಿರ್ಬಂಧ, ಆದ್ಯತೆ ಎಲ್ಲವೂ ಸೇರುತ್ತವೆ. ಇನ್ನೊಬ್ಬರ ಹಕ್ಕಿಗೆ ಪೆಟ್ಟು ಕೊಡುವುದು ಅದರ ಉದ್ದೇಶವಾಗಿರಬೇಕು, ಅಥವಾ ಪರಿಣಾಮವಾಗಿರಬೇಕು.

ಎರಡು ಪದ ಗಮನಿಸಿ. ಆದ್ಯತೆ ಅಂದ್ರೆ "ಅವರನ್ನು ಬೈದಿಲ್ಲ, ಇವರನ್ನು ಕರೆದೆ ಅಷ್ಟೇ" ಅನ್ನುವ ವಾದ ಬಿತ್ತು. ಪರಿಣಾಮ ಅಂದ್ರೆ "ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ" ಅನ್ನುವುದೂ ಬಿತ್ತು.

ಇನ್ನೊಂದು ಸ್ವಾರಸ್ಯ. ಆ ಪಟ್ಟಿಯಲ್ಲಿ "ವಂಶ" ಅನ್ನುವ ಪದ ಸೇರಿದ್ದೇ ಭಾರತದ ಸಲಹೆಯಿಂದ. 2002ರಲ್ಲಿ ಆ ಒಪ್ಪಂದದ ಸಮಿತಿ ವಂಶ ಅಂದ್ರೆ ಜಾತಿಯೂ ಸೇರಿತು ಅಂದಾಗ ಭಾರತ ಸರ್ಕಾರವೇ ಒಪ್ಪಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2001ರಲ್ಲಿ, ರೇಸಿಸಂ ವಿರುದ್ಧ ವಿಶ್ವಸಂಸ್ಥೆ ನಡೆಸಿದ ಡರ್ಬನ್ ಸಮ್ಮೇಳನದಲ್ಲೂ ಇದೇ ಜಗಳ. ಜಾತಿ ಬೇರೆ, ರೇಸ್ ಬೇರೆ ಅಂತ ಸರ್ಕಾರ. ಎರಡರ ಏಟೂ ಒಂದೇ ಅಂತ ದಲಿತ ಸಂಘಟನೆಗಳು.

ಗೋಣಿಕೊಪ್ಪ ಗಿರಿ

ಆದ್ಯತೆಯೂ ತಪ್ಪು ಅಂದ್ರೆ ಪೇಪರಿನಲ್ಲಿ "ಸ್ವಜಾತಿ ವಧು ಬೇಕು" ಅಂತ ಹಾಕುವವರನ್ನೆಲ್ಲ ಒಳಗೆ ಹಾಕಬೇಕಲ್ಲ ವಕೀಲರೇ?

ಕೋರ್ಟು ಕಚೇರಿ

ಹಾಕುವುದಾದರೆ ಜಾಗ ಸಾಲುವುದಿಲ್ಲ. ಮದುವೆ ಬೇರೆ, ಕೂಲಿ ಬೇರೆ ಗಿರಿಯಣ್ಣ. ಮದುವೆಗೆ ಯಾರೂ ಹಾಜರಿ ಹಾಕುವುದಿಲ್ಲ.

ಕಿರಿಕ್ ಕೂಸು

ಹಾಜರಿ ಹಾಕುವ ಮನೆಗಳೂ ಇವೆ ಸಾರ್.

ಲೈನ್ ಮನೆ ಹುಡುಗ

ಎಲ್ಲರೂ ಅಸ್ಸಾಂ ಅಸ್ಸಾಂ ಅನ್ನುತ್ತಿದ್ದೀರಿ. ಆ ಮೆಸೇಜಿನ ಕೊನೆಯ ಎರಡು ಪದ ಯಾರೂ ಓದಿಲ್ಲ. "ಲೋಕಲ್ ಬೇಡ."

ಲೋಕಲ್ ಅಂದ್ರೆ ಯಾರು ಸಾರ್? ಪಕ್ಕದ ತೋಟದ ಸಾಹುಕಾರರ ಮಗ ನಿಮ್ಮಲ್ಲಿ ಕಾಫಿ ಕುಯ್ಯಲು ಬರುತ್ತಾನಾ? ಸುಂಟಿಕೊಪ್ಪ ಪೇಟೆಯ ಅಂಗಡಿಯವರು ಬರುತ್ತಾರಾ? ಬರುವವರು ನಾವೇ. ಯರವರು, ಜೇನು ಕುರುಬರು, ಪಣಿಯರವರು, ಇಲ್ಲಿನ ಬುಡಕಟ್ಟಿನವರು. ನಿಮ್ಮ ಮೆಸೇಜ್ ಓದುವ ನೂರು ಜನ ಬೆಳೆಗಾರರಿಗೂ ಅದು ಗೊತ್ತು, ಅದಕ್ಕೇ ಯಾರೂ "ಲೋಕಲ್ ಅಂದ್ರೆ ಯಾರು" ಅಂತ ಕೇಳಿಲ್ಲ. ನಮ್ಮ ಹೆಸರು ಬರೆಯದೆ ನಮ್ಮನ್ನು ಬೇಡ ಅಂದಿದ್ದೀರಿ.

ನಾನು ಹುಟ್ಟಿದ್ದು ಸಿದ್ದಾಪುರದ ಹತ್ತಿರ ಒಂದು ತೋಟದ ಲೈನಿನಲ್ಲಿ, ಅಂದ್ರೆ ಕೂಲಿಯವರ ಸಾಲು ಮನೆಯಲ್ಲಿ. ಅಜ್ಜಿಯೂ ಅಲ್ಲೇ, ಅವ್ವನೂ ಅಲ್ಲೇ. ಮೂರು ತಲೆಮಾರು ದುಡಿದರೂ ಆ ಮನೆ ನಮ್ಮದಲ್ಲ. ಕೆಲಸ ಬಿಟ್ಟ ದಿನ ಪಾತ್ರೆ ಹೊರಗೆ. ಚಿಕ್ಕವನಿದ್ದಾಗ ಕಣದಲ್ಲಿ ಕಾಫಿ ಕೊಡುವಾಗ ನಮ್ಮ ಲೋಟಗಳು ಸ್ಟೋರಿನ ಹೊರಗೆ ಮೊಳೆಯಲ್ಲಿ ನೇತಾಡುತ್ತಿದ್ದವು. ಕುಡಿದು ತೊಳೆದು ಅಲ್ಲೇ ಸಿಕ್ಕಿಸಬೇಕು. ಯಾರೂ ಬೈಯುತ್ತಿರಲಿಲ್ಲ. ಪ್ರೀತಿಯಿಂದಲೇ ಕೊಡುತ್ತಿದ್ದರು, ಬೆಲ್ಲ ಜಾಸ್ತಿ ಹಾಕಿ. ಸ್ಟೋರಿನ ಒಳಗೆ ಇನ್ನೊಂದು ಸಾಲು ಲೋಟ ಇತ್ತು, ಅಷ್ಟೇ.

ಇದಕ್ಕೆ ಯಾವ ಡಿಕ್ಷನರಿಯಲ್ಲಿ ಏನು ಹೆಸರಿದೆಯೋ ನನಗೆ ಬೇಡ.

ಮಂಜಿನ ಮಡಿಕೇರಿ

🙏 ಟೀಚರ್ ಸೋತಳು.

ಹಳೇ ರೈಟರ್

ಹುಡುಗ ಹೇಳಿದ್ದು ನಿಜ. ನಾನೂ 31 ವರ್ಷ ಎಸ್ಟೇಟಿನಲ್ಲಿ ರೈಟರ್, ಅಂದ್ರೆ ಹಾಜರಿ ಲೆಕ್ಕ ಬರೆಯುವವನು, ಆಗಿದ್ದವನು, ಆ ಲೋಟಗಳನ್ನು ನೋಡಿದ್ದೇನೆ. ನನ್ನ ಕೈಯಿಂದಲೂ ಹಾಗೆ ಕೊಟ್ಟಿದ್ದೇನೆ. ಆಗ ಅದು ತಪ್ಪು ಅಂತ ಅನಿಸಿರಲಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ.

ಆದರೆ ಮಾಲೀಕರ ಕಡೆಯದ್ದೂ ಕೇಳಿ. ಅಡ್ವಾನ್ಸ್ ತೆಗೆದುಕೊಂಡು ಇನ್ನೊಂದು ತೋಟಕ್ಕೆ ಹೋದವರಿದ್ದಾರೆ. ಸಂತೆಯ ಮರುದಿನ ಅರ್ಧ ಜನ ಬರುವುದಿಲ್ಲ. ರೊಬಸ್ಟಾ ಹಣ್ಣಾದ ಮೇಲೆ ಕಾಯುವುದಿಲ್ಲ. ಮೇಲಿಂದ ಅಕಾಲ ಮಳೆ ಬಂದರೆ ಉದುರಿ ಕಪ್ಪಾಗುತ್ತದೆ. ಹಾಗಿದ್ದಾಗ "ಲೋಕಲ್ ಬೇಡ" ಅಂತ ಬಾಯಿಗೆ ಬರುತ್ತದೆ.

ಅಸ್ಸಾಂನವರನ್ನು ಯಾಕೆ ಇಷ್ಟಪಡುತ್ತಾರೆ ಅಂತಲೂ ಹೇಳಿಬಿಡುತ್ತೇನೆ, ಬೇಜಾರಾದರೆ ಆಗಲಿ. "ಶ್ರಮಜೀವಿಗಳು" ಅನ್ನುತ್ತಾರೆ. ಸತ್ಯ ಏನಂದ್ರೆ ಅವರಿಗೆ ಇಲ್ಲಿ ಹೋಗಲು ಜಾಗ ಇಲ್ಲ. ಭಾಷೆ ಬರುವುದಿಲ್ಲ, ನೆಂಟರಿಲ್ಲ, ಹಬ್ಬ ಹರಿದಿನ ತಿಥಿ ಅಂತ ರಜೆ ಕೇಳುವುದಿಲ್ಲ. ಆಧಾರ್ ಕಾರ್ಡು ಮೇಸ್ತ್ರಿಯ ಜೇಬಿನಲ್ಲಿ. ಇದನ್ನು ನಾವು ಒಳ್ಳೆಯ ಗುಣ ಅಂತ ಕರೆಯುತ್ತೇವೆ. 2012ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯದವರು ಗುಂಪು ಗುಂಪಾಗಿ ರೈಲು ಹತ್ತಿದ್ದು ನೆನಪಿರಬಹುದು, ಹೊಡೆಯುತ್ತಾರೆ ಅನ್ನುವ ವದಂತಿಯ ಮೆಸೇಜುಗಳಿಗೆ ಹೆದರಿ. ನಮ್ಮ ಲೈನಿನಿಂದ ಆ ರಾತ್ರಿ 11 ಜನ ಹೋದರು. ಬೆಳಿಗ್ಗೆ ನೋಡಿದರೆ ಒಲೆಯ ಮೇಲೆ ಅನ್ನದ ಪಾತ್ರೆ ಹಾಗೇ ಇತ್ತು. ಆಗ ನಾವೆಲ್ಲ ಮಾತಾಡಿದ್ದು ಒಂದೇ. "ಛೆ, ಕಪಾತು ಕೆಲಸ ನಿಂತಿತಲ್ಲ."

ಸುಂಟಿಕೊಪ್ಪ ತೋಟದವ

ರೈಟರ್ ಸಾರ್, ನೀವೂ ಹೀಗೆ ಹೇಳಿದರೆ ಹೇಗೆ. ನಾನು ಯಾರ ಆಧಾರ್ ಕಾರ್ಡೂ ಇಟ್ಟುಕೊಂಡಿಲ್ಲ. ಲೈನ್ ಮನೆ ಹುಡುಗ ಅನ್ನುವವರೇ, ನಾನು ಜಾತಿ ನೋಡಿ ಹಾಕಿದ್ದಲ್ಲ ಅಂತ ಆಣೆ ಮಾಡಿ ಹೇಳುತ್ತೇನೆ. ಎರಡು ವರ್ಷ ಕೈ ಸುಟ್ಟುಕೊಂಡ ಮೇಲೆ ಹಾಕಿದ್ದು.

ಲೈನ್ ಮನೆ ಹುಡುಗ

ನಂಬುತ್ತೇನೆ ಸಾರ್. ಆದರೆ ನಿಮ್ಮ ಅಡ್ವಾನ್ಸ್ ತಿಂದವರು ಎಷ್ಟು ಜನ? ಇಬ್ಬರಾ, ಮೂವರಾ? ಬೇಡ ಅಂದದ್ದು ಎಷ್ಟು ಜನರನ್ನು?

ಕಾಫಿ ಹೂ

☝️ ಇದೇ ನೋಡಿ ಡೆಫಿನಿಷನ್. ಮುಗಿಯಿತು, ಥ್ರೆಡ್ ಕ್ಲೋಸ್ ಮಾಡಿ.

ವಿರಾಜಪೇಟೆ ವೀರ

ಯಾಕೆ ಕ್ಲೋಸ್? ನಂದೂ ಕೇಳಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೋದೆ. ಊರು ಯಾವುದು ಅಂದರು. ಕೊಡಗು ಅಂದೆ. "ಓಹ್, ನೀವು ಹಂದಿ ತಿನ್ನುವವರು, ಡ್ರಿಂಕ್ಸ್ ಎಲ್ಲ ಇರುತ್ತದಲ್ವಾ, ಬೇಡ" ಅಂದರು. ಮೂರು ಮನೆಯಲ್ಲಿ ಇದೇ ಕಥೆ. ನಾನು ಕುಡಿಯುವುದೇ ಇಲ್ಲ! ಇದು ರೇಸಿಸಂ ಅಲ್ಲವಾ? ಇದಕ್ಕೆ ಯಾರೂ ಕಣ್ಣೀರು ಹಾಕುವುದಿಲ್ಲ.

ಕಿರಿಕ್ ಕೂಸು

ಪೂರ್ವಗ್ರಹ ಹೌದು. ಆದರೆ ಅಮೆರಿಕದಲ್ಲಿ 1970ರ ಹೊತ್ತಿಗೆ ಒಂದು ಸೂತ್ರ ಬಂತು, ಪೂರ್ವಗ್ರಹ ಪ್ಲಸ್ ಅಧಿಕಾರ ಅಂದ್ರೆ ರೇಸಿಸಂ ಅಂತ. ಅಧಿಕಾರ ಇಲ್ಲದವನು ಬೈದರೆ ಅದು ಬೈಗುಳ ಮಾತ್ರ. ನಿಮಗೆ ಮೂರು ಮನೆ ಹೋಯಿತು, ನಾಲ್ಕನೆಯದು ಸಿಕ್ಕಿತು. ಊರಿಗೆ ಬಂದರೆ ತೋಟ ಇದೆ. ಲೈನಿನವರಿಗೆ ಏನಿದೆ?

ವಿರಾಜಪೇಟೆ ವೀರ

ಅಂದ್ರೆ ತೋಟ ಇದ್ದವನಿಗೆ ಅವಮಾನ ಆಗುವುದಿಲ್ಲ. ಚೆನ್ನಾಗಿದೆ ಸೂತ್ರ. ಮೀಟರ್ ಹಾಕಿ ಅಧಿಕಾರ ಅಳೆದು ಆಮೇಲೆ ನೋವು ಮಂಜೂರು ಮಾಡುತ್ತೀರಾ?

ಲೈನ್ ಮನೆ ಹುಡುಗ

ಈ ಸೂತ್ರ ನನಗೂ ಪೂರ್ತಿ ಸರಿ ಅನಿಸುವುದಿಲ್ಲ. ಯಾಕಂದ್ರೆ ನಮ್ಮವರೂ ಅಸ್ಸಾಂನವರನ್ನು "ಬಾಂಗ್ಲಾ" ಅಂತ ಕರೆಯುತ್ತಾರೆ. ಸಂತೆಯಲ್ಲಿ ಅವರನ್ನು ತಳ್ಳಿಕೊಂಡು ಮುಂದೆ ಹೋಗುತ್ತಾರೆ. ನಾನೂ ಒಮ್ಮೆ ಒಬ್ಬನಿಗೆ ಹಾಗೆ ಕರೆದಿದ್ದೇನೆ, ಅವನು ನಕ್ಕು ಸುಮ್ಮನಾದ. ನನಗೆ ಯಾವ ಅಧಿಕಾರ ಇತ್ತು? ಆದರೂ ಅವನ ಮುಖ ಇನ್ನೂ ಮರೆತಿಲ್ಲ.

ಕುಶಾಲನಗರ ಕಿಟ್ಟಿ

ನಮ್ಮ ಕಡೆ ಬೈಲಕುಪ್ಪೆ ಕ್ಯಾಂಪ್ ಇದೆಯಲ್ಲ, ಟಿಬೆಟಿನವರು ಬಂದು 60 ವರ್ಷದ ಮೇಲಾಯಿತು. ಅಲ್ಲೇ ಹುಟ್ಟಿದ ನನ್ನ ಸ್ನೇಹಿತ ನನಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ಮೈಸೂರಿನಲ್ಲಿ ಯಾರಾದರೂ "ಚಿಂಕಿ" ಅಂದರೆ ಇವನು ಅಚ್ಚ ಕನ್ನಡದಲ್ಲಿ ಬೈಯುತ್ತಾನೆ. ಅವರ ಮುಖ ನೋಡಬೇಕು ಆಗ! ಕೊರೊನಾ ಬಂದಾಗ ಮಾತ್ರ ಪಾಪ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರು.

ಗೋಣಿಕೊಪ್ಪ ಗಿರಿ

ಕ್ಯಾಂಪ್ ಅಂದಿದ್ದಕ್ಕೆ ನೆನಪಾಯಿತು. ನಾಲ್ಕನೇ ಕ್ಯಾಂಪಿನ ಹತ್ತಿರ ಮೊಮೊ ಸಿಗುತ್ತಿತ್ತಲ್ಲ, ಆ ಅಂಗಡಿ ಈಗ ಇದೆಯಾ?

ಕುಶಾಲನಗರ ಕಿಟ್ಟಿ

ಇದೆ ಅಣ್ಣ. ಖಾರದ ಚಟ್ನಿ ಮಾತ್ರ ಮೊದಲಿನ ಹಾಗಿಲ್ಲ.

ನಿರ್ವಾಹಕ

ಮೊಮೊಗೆ ಬೇರೆ ಎಳೆ ಇದೆ.

ಲಂಡನ್ ಕಾವೇರಿ

ಮೂಲ ಸೋಮವಾರಪೇಟೆ, ಇಲ್ಲಿ ನರ್ಸ್ ಆಗಿ ಒಂಬತ್ತು ವರ್ಷ. ಬ್ರಿಟನ್ನಿನಲ್ಲಿ ಬೇರೆ ದಾರಿ ಹಿಡಿದರು. 1993ರಲ್ಲಿ ಸ್ಟೀಫನ್ ಲಾರೆನ್ಸ್ ಅನ್ನುವ ಕಪ್ಪು ಹುಡುಗನನ್ನು ಬಸ್ ಸ್ಟಾಪಿನ ಬಳಿ ಕೊಂದರು. ಪೊಲೀಸರು ತನಿಖೆಯನ್ನು ಕೆಡಿಸಿದರು. ಅದರ ಬಗ್ಗೆ ನಡೆದ ವಿಚಾರಣೆಯ 1999ರ ಮ್ಯಾಕ್‌ಫರ್ಸನ್ ವರದಿ ಎರಡು ಮಾತು ಹೇಳಿತು. ಇಲಾಖೆಯ ರೂಢಿಯಲ್ಲೇ ರೇಸಿಸಂ ಇರಬಹುದು, ಒಬ್ಬೊಬ್ಬ ಪೊಲೀಸನೂ ಕೆಟ್ಟವನಾಗಬೇಕಿಲ್ಲ. ಇನ್ನೊಂದು, ಅನುಭವಿಸಿದವರೇ ಆಗಲಿ ಬೇರೆ ಯಾರೇ ಆಗಲಿ, ಅದು ಜನಾಂಗೀಯ ಘಟನೆ ಅಂದರೆ ಪೊಲೀಸರು ಹಾಗೇ ದಾಖಲಿಸಬೇಕು. ತೀರ್ಪು ಅಲ್ಲ, ದಾಖಲೆ. ಆಮೇಲೆ ತನಿಖೆ.

ಇಲ್ಲಿ ಒಬ್ಬ ಅಜ್ಜ ರೋಗಿ "ನಿನ್ನ ಕೈ ಬೇಡ, ಬೇರೆ ನರ್ಸ್ ಕಳಿಸು" ಅಂದ. ನಾನು ಅಡುಗೆ ಮನೆಯಲ್ಲಿ ಅತ್ತೆ. ಆಮೇಲೆ ಏನು ನೆನಪಾಯಿತು ಗೊತ್ತಾ? ಊರಲ್ಲಿ ನಮ್ಮ ಮನೆಯ ಬಾವಿ. ಕೆಲಸದವರಿಗೆ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ, ನಾನೇ ಸೇದಿ ಮೇಲಿಂದ ಸುರಿಯುತ್ತಿದ್ದೆ. ಹತ್ತು ವರ್ಷದವಳು ನಾನು. ನೀರು ಚೆಲ್ಲದ ಹಾಗೆ ಸುರಿಯುತ್ತೇನೆ ಅಂತ ಹೆಮ್ಮೆ ಬೇರೆ.

ಜಮ್ಮಾ ಜಗ್ಗು

ಎಲ್ಲ ಸರಿ, ಆದರೆ ವಿಜ್ಞಾನದಲ್ಲಿ ರೇಸ್ ಅನ್ನುವುದೇ ಇಲ್ಲ ಅನ್ನುತ್ತಾರಲ್ಲ. 1972ರಲ್ಲಿ ಲೆವಾಂಟಿನ್ ಅನ್ನುವ ಅಮೆರಿಕದ ವಂಶವಾಹಿ ವಿಜ್ಞಾನಿ ಲೆಕ್ಕ ಹಾಕಿದ. ಮನುಷ್ಯರ ವಂಶವಾಹಿ ವ್ಯತ್ಯಾಸದಲ್ಲಿ ಸುಮಾರು 85% ಒಂದೇ ಸಮುದಾಯದ ಒಳಗೇ ಇರುತ್ತದೆ. ಇಲ್ಲದ ವಸ್ತುವಿನ ಮೇಲೆ ಇಸಂ ಹೇಗೆ?

ಮಂಜಿನ ಮಡಿಕೇರಿ

ದೆವ್ವ ಇಲ್ಲ, ದೆವ್ವದ ಭಯ ಇಲ್ಲವಾ ಜಗ್ಗು?

ನಮ್ಮ ಕೊಡಗಿನಲ್ಲೇ ಈ "ಇಲ್ಲದ ವಸ್ತು"ವನ್ನು ಟೇಪು ಹಿಡಿದು ಅಳೆದಿದ್ದಾರೆ. 1901ರಲ್ಲಿ ಹಾಲೆಂಡ್ ಅನ್ನುವ ಬ್ರಿಟಿಷ್ ಭೂವಿಜ್ಞಾನಿ ಕೊಡವರ ಮತ್ತು ಯರವರ ತಲೆ, ಮೂಗು ಎಲ್ಲ ಅಳೆದು, ಇಬ್ಬರಿಗೂ ಎಷ್ಟು ವ್ಯತ್ಯಾಸ ನೋಡಿ ಅಂತ ಲೇಖನ ಬರೆದ. ಕಲ್ಲು ಅಳೆಯುವವನಿಗೆ ಮೂಗಿನ ಉಸಾಬರಿ. ಒಬ್ಬರು ಮೇಲಿನ ಜನಾಂಗ, ಇನ್ನೊಬ್ಬರು ಕೆಳಗಿನದು ಅನ್ನುವ ಆ ಕಾಲದ ಮಾತು ಇನ್ನೂ ನಮ್ಮ ಬಾಯಲ್ಲಿ ಇದೆ. "ನಾವು ಅಲೆಕ್ಸಾಂಡರನ ಸೈನಿಕರ ವಂಶ" ಅನ್ನುವವರು ಪ್ರತಿ ಮದುವೆಯಲ್ಲೂ ಒಬ್ಬರು ಸಿಗುತ್ತಾರೆ.

ಕೋರ್ಟು ಕಚೇರಿ

ರೇಸ್ ಇಲ್ಲ ಅನ್ನುವ ಜಗ್ಗು ಅವರೇ, ನಿಮ್ಮ ಮನೆಯ ಕೋವಿಯ ಕಾಗದ ತೆಗೆದು ನೋಡಿ. ಲೈಸೆನ್ಸಿನಿಂದ ವಿನಾಯಿತಿ ಇರುವುದು ಯಾರಿಗೆ? ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಮತ್ತು "ಕೂರ್ಗ್ ರೇಸ್"ಗೆ ಸೇರಿದವರಿಗೆ. ಅಧಿಸೂಚನೆಯಲ್ಲಿ ಇರುವ ಪದವೇ ರೇಸ್. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿಯಿತು.

ಜಮ್ಮಾ ಜಗ್ಗು

ಕೋವಿ ವಿಷಯಕ್ಕೆ ಬರಬೇಡಿ ಸಾರ್. ಅದು ಸಂಪ್ರದಾಯ, ಹುಟ್ಟಿದ ಮಗುವಿಗೆ ಗುಂಡು ಹಾರಿಸುವ ನಾಡು ಇದು. ಯಾರಿಗೂ ಅದರಿಂದ ತೊಂದರೆ ಇಲ್ಲ.

ಕೋರ್ಟು ಕಚೇರಿ

ತಪ್ಪು ಅಂದೆನಾ? ನನ್ನ ಮಾವನ ಮನೆಯಲ್ಲೂ ಕೋವಿ ಇದೆ. ಪದ ಇದೆ ಅಂದೆ ಅಷ್ಟೇ. ಗೌರವ ಸಿಗುವಾಗ ನಾವೊಂದು ರೇಸ್, ಲೆಕ್ಕ ಕೇಳುವಾಗ ರೇಸೇ ಇಲ್ಲ, ಅದು ಮಜಾ ಅನಿಸಿತು.

ವಿರಾಜಪೇಟೆ ವೀರ

ಇದೇ ಆಗುವುದು. ಕೂಲಿ ವಿಷಯಕ್ಕೆ ಶುರುವಾಗಿ ಕೊಡವರ ಮೇಲೆ ಬಂದು ನಿಂತಿತು. ತೋಟ ಇರುವುದು ಕೊಡವರಿಗೆ ಮಾತ್ರವಾ? ಗೌಡರಿಗಿಲ್ಲವಾ, ಮಾಪಿಳ್ಳೆಗಳಿಗಿಲ್ಲವಾ, ದೊಡ್ಡ ಕಂಪನಿಗಳಿಗಿಲ್ಲವಾ?

ಹಳೇ ರೈಟರ್

ವೀರ ಹೇಳಿದ್ದು ಸರಿ. ನಾನು ನಾಲ್ಕು ಜಾತಿಯ ಮಾಲೀಕರ ಕೈಕೆಳಗೆ ದುಡಿದಿದ್ದೇನೆ. ಮೊಳೆ ಎಲ್ಲ ಕಡೆ ಇತ್ತು.

ಕಾಫಿ ಹೂ

ವಕೀಲರೇ, ಆ ಮೆಸೇಜಿಗೆ ಕೇಸ್ ಆಗುತ್ತದಾ? ಸುಮ್ನೆ ಕುತೂಹಲ.

ಕೋರ್ಟು ಕಚೇರಿ

ಇಲ್ಲಿ ಪುಕ್ಕಟೆ ಸಲಹೆ ಬೇಡ ಅಂತಿದ್ದೆ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಮೇಲೆ ಭೇದ ಮಾಡಬಾರದು ಅನ್ನುವುದು ಮುಖ್ಯವಾಗಿ ಸರ್ಕಾರಕ್ಕೆ. ಅಂಗಡಿ, ಹೋಟೆಲ್, ಬಾವಿ, ಕೆರೆ ಇಂಥವಕ್ಕೆ ಎಲ್ಲರಿಗೂ ಅನ್ವಯ. ಖಾಸಗಿ ತೋಟದವರು ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಅನ್ನುವುದು ಅದರಲ್ಲಿ ನೇರವಾಗಿ ಇಲ್ಲ. ಆದರೆ 1989ರ ದೌರ್ಜನ್ಯ ತಡೆ ಕಾಯ್ದೆಗೆ 2016ರಿಂದ ಜಾರಿಯಾದ ತಿದ್ದುಪಡಿಯಲ್ಲಿ "ಆರ್ಥಿಕ ಬಹಿಷ್ಕಾರ" ಅಂತ ಒಂದು ಇದೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರೊಂದಿಗೆ ಕೂಲಿ, ವ್ಯವಹಾರ ನಿರಾಕರಿಸುವುದು. ಯರವರು, ಜೇನು ಕುರುಬರು ಪಂಗಡದ ಪಟ್ಟಿಯಲ್ಲಿದ್ದಾರೆ. "ಲೋಕಲ್" ಅನ್ನುವ ಪದ ಅಲ್ಲಿಯವರೆಗೆ ಎಳೆಯುತ್ತದಾ ಅನ್ನುವುದು ವಾದದ ವಿಷಯ. ನಾನಾದರೆ ಆ ಮೆಸೇಜ್ ಅಳಿಸುತ್ತಿದ್ದೆ.

ಗೋಣಿಕೊಪ್ಪ ಗಿರಿ

ಗ್ರೂಪಿನಲ್ಲಿ ನಾನೂ ಹೋದ ವರ್ಷ ಹಾಗೇ ಹಾಕಿದ್ದೆ. ಈಗ ಡಿಲೀಟ್ ಫಾರ್ ಎವರಿಒನ್ ಬರುತ್ತಿಲ್ಲ. ಏನು ಮಾಡಬೇಕು?

ಕಿರಿಕ್ ಕೂಸು

🤣🤣

ಮಂಜಿನ ಮಡಿಕೇರಿ

ಒಂದು ಸಣ್ಣದು ಹೇಳಿ ಹೋಗುತ್ತೇನೆ. ನನ್ನ ಏಳನೇ ತರಗತಿಯಲ್ಲಿ ಅಸ್ಸಾಂನಿಂದ ಬಂದವರ ಹುಡುಗಿ ಇದ್ದಾಳೆ. ಕನ್ನಡದಲ್ಲಿ ಅವಳೇ ಫಸ್ಟ್. ಅವಳ ಪಕ್ಕದಲ್ಲಿ ಕೂರುವವಳು ಯರವರ ಹುಡುಗಿ. ಇಬ್ಬರೂ ಕುಯ್ಲಿನ ತಿಂಗಳಲ್ಲಿ ಬರುವುದಿಲ್ಲ, ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಇಬ್ಬರದೂ ಒಂದೇ ದಿನ ಖಾಲಿ.

ಸುಂಟಿಕೊಪ್ಪ ತೋಟದವ

ಎಲ್ಲ ಓದಿದೆ. ಕೆಲವು ಕಡೆ ಸಿಟ್ಟು ಬಂತು, ಎರಡು ಸಲ ಫೋನ್ ಆ ಕಡೆ ಇಟ್ಟೆ. ನಾನು ರೇಸಿಸ್ಟ್ ಅಂತ ಈಗಲೂ ಒಪ್ಪುವುದಿಲ್ಲ. ಆದರೆ "ಲೋಕಲ್ ಅಂದ್ರೆ ಯಾರು" ಅಂತ ಆ ಹುಡುಗ ಕೇಳಿದ್ದಕ್ಕೆ ಉತ್ತರ ಬರೆಯಲು ಕೂತು ಮೂರು ಸಲ ಅಳಿಸಿದೆ. ಬರೆಯುವಾಗ ಯಾರ ಮುಖ ಮನಸ್ಸಿನಲ್ಲಿತ್ತು ಅಂತ ನನಗೇ ಗೊತ್ತು.

ಮೆಸೇಜ್ ಬದಲಿಸಿ ಹೊಸದು ಹಾಕಿದ್ದೇನೆ. "ಕಾಫಿ ಕುಯ್ಲಿಗೆ ಎಂಟು ಜನ ಬೇಕು. ಲೈನ್ ಮನೆ, ಕರೆಂಟು, ಸೌದೆ ಫ್ರೀ. ಗಲಾಟೆ ಮಾಡದವರು ಸಂಪರ್ಕಿಸಿ."

ತಂಗಿಯ ಮಗಳಿಗೂ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ಕಿರಿಕ್ ಕೂಸು

"ಗಲಾಟೆ ಮಾಡದವರು" ಅಂದ್ರೆ ಯಾರು ಮಾವ? 🙂

ಲೈನ್ ಮನೆ ಹುಡುಗ

ಅದು ಇರಲಿ ಬಿಡಿ. ಸಾರ್, ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ಜನ ಖಾಲಿ ಇದ್ದಾರೆ. ಕೆಜಿಗೆ ಎಷ್ಟು ಕೊಡುತ್ತೀರಿ?

ಸುಂಟಿಕೊಪ್ಪ ತೋಟದವ

ಪ್ರೈವೇಟ್ ಮೆಸೇಜ್ ಮಾಡುತ್ತೇನೆ.

ಲೈನ್ ಮನೆ ಹುಡುಗ

ಇಲ್ಲೇ ಹೇಳಿ ಸಾರ್. ಅಸ್ಸಾಂನವರಿಗೆ ಹೇಳಿದ್ದ ದರವೇ ತಾನೇ?